ಸಂಖ್ಯಾಜ್ಞಾನದ ಮೂಲ ಮತ್ತು ಮೇರೆ: ಧವಲಾ ಟೀಕೆಯ ಒಂದು ಲಕ್ಷಣದ ವಿವೇಚನೆ

೧. ಪ್ರಶ್ನೆಯ ಸ್ವರೂಪ

ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ದ್ರವ್ಯಪ್ರಮಾಣಾನುಗಮದಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತಗಳೆಂಬ ಮೂರು ಪ್ರಭೇದಗಳಿಗೆ ಹೇಳಿರುವ ಒಂದು ಲಕ್ಷಣ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಪಂಚೇಂದ್ರಿಯಗಳಿಗೆ ವಿಷಯವಾಗುವಷ್ಟು ಸಂಖ್ಯೆ ಸಂಖ್ಯಾತ, ಅದಕ್ಕೂ ಮೇಲೆ ಅವಧಿಜ್ಞಾನಕ್ಕೆ ವಿಷಯವಾಗುವುದು ಅಸಂಖ್ಯಾತ, ಅದಕ್ಕೂ ಮೇಲೆ ಕೇವಲಜ್ಞಾನಕ್ಕೆ ಮಾತ್ರವೇ ವಿಷಯವಾಗುವುದು ಅನಂತ ಎಂಬುದು ಅದರ ತಾತ್ಪರ್ಯ. ತಿಲೋಯಪಣ್ಣತ್ತಿಯಲ್ಲಿಯೂ ಉತ್ಕೃಷ್ಟ ಸಂಖ್ಯಾತವನ್ನು ಚತುರ್ದಶಪೂರ್ವಧರರಿಗೂ, ಅಸಂಖ್ಯಾತವನ್ನು ಅವಧಿಜ್ಞಾನಿಗಳಿಗೂ, ಅನಂತವನ್ನು ಕೇವಲಿಗಳಿಗೂ ವಿಷಯವೆಂದು ಹೇಳಿದೆ.

ಈ ಲಕ್ಷಣದ ವೈಶಿಷ್ಟ್ಯವಿಷ್ಟು. ಸಂಖ್ಯೆಯನ್ನು ಅದರ ಗಾತ್ರದಿಂದ ಮಾತ್ರ ವಿಂಗಡಿಸದೆ, ಅದನ್ನು ಅರಿಯುವ ಜ್ಞಾನದಿಂದ ಇಲ್ಲಿ ವಿಂಗಡಿಸಲಾಗಿದೆ. ಯಾವ ಸಂಖ್ಯೆ ಎಷ್ಟು ದೊಡ್ಡದು ಎಂಬುದರ ಜೊತೆಗೆ, ಯಾವ ಸಂಖ್ಯೆಯನ್ನು ಯಾರು, ಯಾವ ಸಾಧನದಿಂದ ತಿಳಿಯಬಲ್ಲರು ಎಂಬ ಪ್ರಶ್ನೆಯೂ ಗಣಿತದೊಳಕ್ಕೆ ಬಂದಿದೆ. ಮನುಷ್ಯನಿಗೆ ಗಣಿತಶಕ್ತಿ ಎಲ್ಲಿಂದ ಬಂದಿತು, ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಕಳೆದ ನೂರೈವತ್ತು ವರ್ಷಗಳಲ್ಲಿ ಮನಃಶಾಸ್ತ್ರಜ್ಞರೂ ತರ್ಕಶಾಸ್ತ್ರಜ್ಞರೂ ಪ್ರಯೋಗ ಮತ್ತು ಪ್ರಮಾಣಗಳ ಮೂಲಕ ವಿಚಾರಿಸುತ್ತ ಬಂದಿದ್ದಾರೆ. ಆ ವಿಚಾರದ ಫಲಗಳನ್ನು ಆಗಮದ ಈ ಲಕ್ಷಣದ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ತುಲನೆಯಲ್ಲಿ ಎರಡು ಅಪಾಯಗಳುಂಟು. ಆಗಮಗಳ ಮಹಾಸಂಖ್ಯೆಗಳೆಲ್ಲ ಅತಿಶಯೋಕ್ತಿಗಳೆಂದು ಬದಿಗಿಡುವುದು ಒಂದು. ಆಧುನಿಕರು ಕಂಡುದೆಲ್ಲವೂ ಪ್ರಾಚೀನರಿಗೆ ಮೊದಲೇ ತಿಳಿದಿತ್ತೆಂದು ಸಾರುವುದು ಇನ್ನೊಂದು. ಮೊದಲನೆಯದರಿಂದ ಗ್ರಂಥಗಳ ಗಣಿತಭಾಗವನ್ನು ಯಾರೂ ಲೆಕ್ಕ ಹಾಕಿ ನೋಡದೆ ಅಪಪಾಠಗಳು ಹಾಗೆಯೇ ಉಳಿಯುತ್ತವೆ. ಎರಡನೆಯದರಿಂದ ಗ್ರಂಥಕರ್ತೃಗಳು ಹೇಳಿರುವುದು ಮರೆಯಾಗಿ, ಹೇಳದೆ ಇರುವುದು ಅವರ ಹೆಸರಿನಲ್ಲಿ ಸೇರಿಕೊಳ್ಳುತ್ತದೆ. ಎರಡೂ ಗ್ರಂಥಕ್ಕೆ ಹಾನಿಯೇ.

೨. ಮತಿಯಲ್ಲಿರುವ ಬೀಜ

ಎಣಿಸದೆಯೇ, ಕೇವಲ ನೋಟಮಾತ್ರದಿಂದ ಎಷ್ಟು ವಸ್ತುಗಳನ್ನು ಮನುಷ್ಯ ನಿಶ್ಚಯವಾಗಿ ಗ್ರಹಿಸಬಲ್ಲ? ಇಂಗ್ಲೆಂಡಿನ ಸ್ಟ್ಯಾನ್ಲಿ ಜೆವನ್ಸ್ ಎಂಬ ತರ್ಕಶಾಸ್ತ್ರಜ್ಞ ಇದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡು ೧೮೭೧ರಲ್ಲಿ ಪ್ರಕಟಿಸಿದನು. ಕಪ್ಪು ಕಾಳುಗಳನ್ನು ಬಿಳಿಯ ಪೆಟ್ಟಿಗೆಯೊಳಗೆ ಎಸೆದು, ಒಡನೆಯೇ ಅವು ಎಷ್ಟೆಂದು ಹೇಳಿ, ಬಳಿಕ ಎಣಿಸಿ ನೋಡುವುದು ಅವನ ವಿಧಾನ. ಸಾವಿರಕ್ಕೂ ಮಿಕ್ಕ ಸಲ ಹೀಗೆ ಮಾಡಿದಾಗ, ಮೂರು ನಾಲ್ಕು ಕಾಳುಗಳಿದ್ದಲ್ಲಿ ಒಮ್ಮೆಯೂ ತಪ್ಪು ಬರಲಿಲ್ಲ. ಐದರಿಂದ ತಪ್ಪು ತೊಡಗಿ, ಸಂಖ್ಯೆ ಹೆಚ್ಚಿದಂತೆಲ್ಲ ಹೆಚ್ಚುತ್ತ ಹೋಯಿತು. ಆ ಬಳಿಕ ನಡೆದ ಅನೇಕ ಪ್ರಯೋಗಗಳು ಈ ಮೇರೆಯನ್ನು ಸ್ಥಿರಪಡಿಸಿವೆ.

ಈ ಶಕ್ತಿ ಕಲಿಕೆಯಿಂದ ಬಂದುದಲ್ಲ. ೧೯೯೨ರಲ್ಲಿ ಕರೆನ್ ವಿನ್ ಎಂಬ ಅಮೆರಿಕದ ವಿದುಷಿ ಐದು ತಿಂಗಳ ಶಿಶುಗಳ ಮುಂದೆ ಒಂದು ಗೊಂಬೆಯನ್ನಿಟ್ಟು, ತೆರೆಯಿಂದ ಮರೆಮಾಡಿ, ಅವು ನೋಡುತ್ತಿರುವಂತೆಯೇ ಇನ್ನೊಂದನ್ನು ತೆರೆಯ ಹಿಂದೆ ಇರಿಸಿದಳು. ತೆರೆ ತೆಗೆದಾಗ ಎರಡರ ಬದಲು ಒಂದೇ ಕಂಡರೆ ಶಿಶುಗಳ ನೋಟ ಹೆಚ್ಚು ಹೊತ್ತು ಅಲ್ಲಿಯೇ ನಿಲ್ಲುತ್ತಿತ್ತು. ೨೦೦೦ದಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಆರು ತಿಂಗಳ ಶಿಶುಗಳು ಎಂಟು ಚುಕ್ಕೆಗಳನ್ನು ಹದಿನಾರು ಚುಕ್ಕೆಗಳಿಂದ ಬೇರೆಯೆಂದು ಗುರುತಿಸಿದವು. ಎಂಟನ್ನು ಹನ್ನೆರಡರಿಂದ ಬೇರ್ಪಡಿಸಲು ಅವಕ್ಕೆ ಆಗಲಿಲ್ಲ. ಎಂದರೆ ಅಲ್ಪಸಂಖ್ಯೆಗಳಲ್ಲಿ ನಿಶ್ಚಯ, ದೊಡ್ಡ ರಾಶಿಗಳಲ್ಲಿ ಹೆಚ್ಚುಕಡಮೆಗಳ ಸ್ಥೂಲಬೋಧೆ, ಈ ಎರಡೂ ಮಾತು ಬರುವ ಮುನ್ನವೇ ಇರುತ್ತವೆ. ಸ್ಥೂಲಬೋಧೆಯಾದರೂ ರಾಶಿಗಳ ಅಂತರವನ್ನಲ್ಲದೆ ಅನುಪಾತವನ್ನು ಅವಲಂಬಿಸುತ್ತದೆ.

ಇದು ಮನುಷ್ಯನಿಗೆ ಮಾತ್ರ ಮೀಸಲಾದುದೂ ಅಲ್ಲ. ಆಗಮದ ವಿಭಾಗದಂತೆ ಚತುರಿಂದ್ರಿಯ ಜೀವಿಯಾದ ಜೇನ್ನೊಣವು, ದಾರಿಯ ಗುರುತುಗಳಲ್ಲಿ ಇಂತಿಷ್ಟನೆಯದರ ಬಳಿ ಆಹಾರವಿದೆಯೆಂದು ಕಲಿತು, ನಾಲ್ಕರವರೆಗಿನ ಗುರುತುಗಳನ್ನು ಲೆಕ್ಕವಿಡಬಲ್ಲದೆಂದು ೨೦೦೮ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಕೋತಿಯ ಮೆದುಳಿನಲ್ಲಿ ಇಂತಿಷ್ಟು ವಸ್ತುಗಳೆಂಬುದಕ್ಕೆ ಬೇರೆಬೇರೆಯಾಗಿ ಸ್ಪಂದಿಸುವ ಜೀವಕೋಶಗಳಿರುವುದು ೨೦೦೨ರ ವೇಳೆಗೆ ಕಂಡುಬಂದಿತು. ಇಂತಹ ವಿಷಯಗಳಲ್ಲಿ ಎಚ್ಚರಿಕೆ ಅಗತ್ಯವೆಂಬುದಕ್ಕೂ ನಿದರ್ಶನವುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನ ಹ್ಯಾನ್ಸ್ ಎಂಬ ಕುದುರೆ ಕೂಡುವ ಕಳೆಯುವ ಲೆಕ್ಕಗಳಿಗೆ ಗೊರಸು ಬಡಿದು ಉತ್ತರ ಹೇಳುತ್ತದೆಂದು ಪ್ರಸಿದ್ಧವಾಗಿತ್ತು. ಅದು ಲೆಕ್ಕ ಮಾಡುತ್ತಿರಲಿಲ್ಲ, ಕೇಳುವವರ ಮುಖದ ಮತ್ತು ಮೈಯ ಸೂಕ್ಷ್ಮ ಚಲನೆಯನ್ನು ನೋಡಿ ನಿಲ್ಲಿಸುತ್ತಿತ್ತು ಎಂಬುದನ್ನು ಆಸ್ಕರ್ ಫಂಗ್ಸ್ಟ್ ಎಂಬ ವಿದ್ವಾಂಸ ೧೯೦೭ರಲ್ಲಿ ತೋರಿಸಿಕೊಟ್ಟನು. ಬಳಿಕದ ಪ್ರಯೋಗಗಳು ಆ ದೋಷವನ್ನು ಪರಿಹರಿಸಿಕೊಂಡೇ ನಡೆದಿವೆ.

ಇಷ್ಟರಿಂದ, ಸಂಖ್ಯೆಯ ಬೀಜ ಮತಿಜ್ಞಾನದಲ್ಲಿದೆಯೆನ್ನಲು ಅಡ್ಡಿಯಿಲ್ಲ. ಆದರೆ ಬೀಜವೇ ವೃಕ್ಷವಲ್ಲ. ಈ ಜನ್ಮಜಾತ ಬೋಧೆಯನ್ನು ‘ಸಂಖ್ಯೆ’ ಎಂದು ಕರೆಯುವುದೇ ಸಲ್ಲದು, ಸಂಖ್ಯೆಯು ಭಾಷೆ ಮತ್ತು ಸಂಸ್ಕೃತಿಗಳಿಂದ ಹುಟ್ಟಿದುದು ಎಂದು ರಫಾಯೆಲ್ ನೂನ್ಯೆಸ್ ಎಂಬ ವಿದ್ವಾಂಸ ೨೦೧೭ರಲ್ಲಿ ವಾದಿಸಿದ್ದಾನೆ. ಈ ವಾದ ಜೈನಗಣಿತದ ಅಧ್ಯಯನಿಗಳಿಗೆ ಅಪರಿಚಿತವೆನಿಸಲಾರದು. ತ್ರಿಲೋಕಸಾರದಲ್ಲಿ ಗಣನೆಯು ಒಂದರಿಂದ, ಸಂಖ್ಯಾತವು ಎರಡರಿಂದ, ಕೃತಿಯು ಮೂರರಿಂದ ತೊಡಗುತ್ತದೆಂದು ವಿವೇಚಿಸಿದೆ. ಎಣಿಕೆಯ ಆರಂಭವೇ ಸಂಖ್ಯೆಯ ಆರಂಭವಾಗಬೇಕಿಲ್ಲವೆಂಬ ಸೂಕ್ಷ್ಮ ಅಲ್ಲಿ ಈಗಾಗಲೇ ಇದೆ.

೩. ಶಲಾಕೆ, ಶಬ್ದ, ಅಂಕ

ನಾಲ್ಕರಿಂದ ಆಚೆಗೆ ಮನುಷ್ಯ ಹೋದದ್ದು ಸಂಕೇತಗಳ ನೆರವಿನಿಂದ. ಇದಕ್ಕೆ ಪ್ರಬಲವಾದ ಸಾಕ್ಷ್ಯ ಸಂಖ್ಯಾವಾಚಕಗಳು ಕಡಮೆಯಾಗಿರುವ ಜನಾಂಗಗಳಿಂದ ದೊರೆತಿದೆ. ಬ್ರಜಿಲ್ ದೇಶದ ಅಮೆಜಾನ್ ಪ್ರದೇಶದ ಮುಂಡುರುಕು ಜನರ ಭಾಷೆಯಲ್ಲಿ ಸುಮಾರು ಐದರವರೆಗೆ ಮಾತ್ರ ಸಂಖ್ಯಾಶಬ್ದಗಳುಂಟು. ೨೦೦೪ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎರಡು ದೊಡ್ಡ ರಾಶಿಗಳಲ್ಲಿ ಯಾವುದು ಹೆಚ್ಚೆಂದು ಹೇಳುವುದರಲ್ಲಿ ಅವರು ಫ್ರಾನ್ಸ್ ದೇಶದವರಿಗೆ ಹೆಚ್ಚು ಹಿಂದಿರಲಿಲ್ಲ; ಆದರೆ ಮೂರು ನಾಲ್ಕನ್ನು ಮೀರಿದ ನಿಶ್ಚಿತವಾದ ವ್ಯವಕಲನ ಅವರಿಗೆ ಸಾಧ್ಯವಾಗಲಿಲ್ಲ. ಇದು ಬುದ್ಧಿಯ ಕೊರತೆಯಲ್ಲ, ಉಪಕರಣದ ಅಭಾವ. ನಿಕರಾಗುವಾ ದೇಶದಲ್ಲಿ ಸಂಕೇತಭಾಷೆಯನ್ನು ಕಲಿಯಲು ಅವಕಾಶವಿಲ್ಲದೆ, ಮನೆಯಲ್ಲಿಯೇ ರೂಢಿಯಾದ ಸನ್ನೆಗಳಿಂದ ವ್ಯವಹರಿಸುವ ಕಿವುಡರ ವಿಷಯದಲ್ಲಿಯೂ ೨೦೧೧ರಲ್ಲಿ ಇದೇ ನಿರ್ಣಯ ಹೊರಬಿದ್ದಿತು. ಅವರು ಹಣದ ವ್ಯವಹಾರವಿರುವ ಸಮಾಜದಲ್ಲಿಯೇ ಬಾಳುವವರಾದರೂ, ಮೂರನ್ನು ಮೀರಿದ ರಾಶಿಗೆ ಸರಿಸಮನಾದ ಇನ್ನೊಂದು ರಾಶಿಯನ್ನು ತಪ್ಪಿಲ್ಲದೆ ಜೋಡಿಸಲಾರದವರಾಗಿದ್ದರು.

ಶಬ್ದದಂತೆಯೇ ಬರಹವೂ ಈ ಮೇರೆಗೆ ಸಾಕ್ಷಿಯಾಗಿದೆ. ನಾಸಿಕದ ಗುಹಾಶಾಸನಗಳ ಬ್ರಾಹ್ಮೀ ಅಂಕಗಳಲ್ಲಿ ಒಂದು, ಎರಡು, ಮೂರುಗಳಿಗೆ ಅಷ್ಟಷ್ಟು ಅಡ್ಡಗೆರೆಗಳಿವೆ. ನಾಲ್ಕಕ್ಕೆ ಬೇರೆಯೇ ಆದ ಚಿಹ್ನೆ. ಗೆರೆಗಳು ನಾಲ್ಕಾದ ಕೂಡಲೆ ಕಣ್ಣು ಅವುಗಳನ್ನು ಒಟ್ಟಾಗಿ ಹಿಡಿಯಲು ತಡವರಿಸುವುದರಿಂದ ಸಂಕೇತ ಬದಲಾಗಿರಬೇಕೆಂದು ಊಹಿಸುವುದು ಯುಕ್ತ. ಕನ್ನಡದ ೨ ಮತ್ತು ೩ ಎಂಬ ಅಂಕಗಳು ಆ ಗೆರೆಗಳೇ ಲೇಖನಿಯ ಓಟದಲ್ಲಿ ಕೂಡಿಕೊಂಡು ಉಂಟಾದ ರೂಪಗಳು. ಕನ್ನಡದ ‘ಒಂಬತ್ತು’ ಎಂಬ ಶಬ್ದವನ್ನು ಹತ್ತಕ್ಕೆ ಒಂದು ಕಡಮೆಯೆಂಬ ಅರ್ಥದಲ್ಲಿ ಭಾಷಾಶಾಸ್ತ್ರಜ್ಞರು ವಿವರಿಸುವುದುಂಟು; ಹತ್ತು ಬೆರಳುಗಳ ನೆಲೆ ಅಲ್ಲಿ ಕಾಣುತ್ತದೆ. ಮಹಾವೀರಾಚಾರ್ಯರು ಕ್ರಿ.ಶ. ೮೫೦ರ ಸುಮಾರಿಗೆ ರಚಿಸಿದ ಗಣಿತಸಾರಸಂಗ್ರಹದಲ್ಲಿ ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ ೨೪ ಸ್ಥಾನಗಳಿಗೆ ಹೆಸರುಗಳಿವೆ. ಕಣ್ಣಿಗೆ ನಾಲ್ಕರಲ್ಲಿ ನಿಂತ ದಾರಿ ಹೆಸರುಗಳ ಮೂಲಕ ಇಪ್ಪತ್ತನಾಲ್ಕನೆಯ ಸ್ಥಾನವನ್ನು ಮುಟ್ಟಿತು.

ಸಂಕೇತದ ಈ ಕಾರ್ಯಕ್ಕೆ ಆಗಮಸಾಹಿತ್ಯದಲ್ಲಿರುವ ಅತ್ಯಂತ ಸ್ಪಷ್ಟವಾದ ನಿರೂಪಣೆ ನಾಲ್ಕು ಕುಂಡಗಳದು. ಜಘನ್ಯ ಪರೀತಾಸಂಖ್ಯಾತವನ್ನು ತಿಳಿಸುವುದಕ್ಕಾಗಿ, ಲಕ್ಷ ಯೋಜನ ವ್ಯಾಸವೂ ಸಾವಿರ ಯೋಜನ ಆಳವೂ ಉಳ್ಳ ಅನವಸ್ಥಾ, ಶಲಾಕಾ, ಪ್ರತಿಶಲಾಕಾ, ಮಹಾಶಲಾಕಾ ಎಂಬ ಕುಂಡಗಳನ್ನು ಕಲ್ಪಿಸಿ, ಅನವಸ್ಥಾಕುಂಡದ ಸಾಸಿವೆಯನ್ನು ದ್ವೀಪಸಮುದ್ರಗಳಲ್ಲಿ ಒಂದೊಂದಾಗಿ ಹಾಕುತ್ತ ಹೋಗುವ ಕ್ರಮವು ವಿದ್ವಾಂಸರಿಗೆ ಸುಪರಿಚಿತ. ಅನವಸ್ಥಾಕುಂಡ ಬರಿದಾದಾಗಲೆಲ್ಲ ಶಲಾಕಾಕುಂಡಕ್ಕೆ ಒಂದು ಸಾಸಿವೆ. ಅದು ತುಂಬಿದಾಗ ಪ್ರತಿಶಲಾಕಾಕುಂಡಕ್ಕೆ ಒಂದು. ಇಲ್ಲಿ ಯಾರೂ ಆ ಎಲ್ಲ ಸಾಸಿವೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಮೇಲಿನ ಕುಂಡದ ಒಂದು ಕಾಳು ಕೆಳಗಿನ ಇಡೀ ಕುಂಡದ ನೆನಪನ್ನು ಹೊರುತ್ತದೆ. ಶಲಾಕೆಯೆಂದರೆ ಲೆಕ್ಕದ ಕಡ್ಡಿಯೇ. ಮನಸ್ಸಿಗೆ ಹೊರೆಯಾದುದನ್ನು ಹೊರಗಿನ ಗುರುತಿಗೆ ಒಪ್ಪಿಸುವುದು, ಆ ಗುರುತುಗಳು ಹೆಚ್ಚಾದರೆ ಅವುಗಳಿಗೆ ಮತ್ತೊಂದು ಗುರುತನ್ನಿಡುವುದು ಎಂಬಿಷ್ಟೇ ಮನುಷ್ಯನ ಗಣಿತಶಕ್ತಿಯ ಗುಟ್ಟು.

ಅಸಾಧಾರಣ ಗಣಕರಲ್ಲಿಯೂ ಮೂಲದ ಸ್ಥಿತಿ ಬೇರೆಯಾಗಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾ ದೇವಿಯವರು ೧೯೮೦ರ ಜೂನ್ ೧೮ರಂದು ಲಂಡನ್ನಿನಲ್ಲಿ ೧೩ ಅಂಕಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದರು. ಅವರನ್ನು ಪರೀಕ್ಷಿಸಿದ ಆರ್ಥರ್ ಜೆನ್ಸನ್ ಎಂಬ ಮನಃಶಾಸ್ತ್ರಜ್ಞ ೧೯೯೦ರಲ್ಲಿ ಪ್ರಕಟಿಸಿದಂತೆ, ದೀಪ ಹೊತ್ತಿದೊಡನೆ ಗುಂಡಿಯೊತ್ತುವಂತಹ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯರ ವೇಗಕ್ಕಿಂತ ವಿಶೇಷವಾಗಿರಲಿಲ್ಲ. ಅವರ ಅತಿಶಯವೆಲ್ಲ ಸಂಖ್ಯಾಸಂಕೇತಗಳಲ್ಲಿ ಅವರು ಪಡೆದಿದ್ದ ಪಳಗಿಕೆಯಲ್ಲಿತ್ತು.

ಆಗಮದ ಪರಿಭಾಷೆಯಲ್ಲಿ ಹೇಳುವುದಾದರೆ, ಸಂಖ್ಯಾಜ್ಞಾನದ ಬೀಜ ಮತಿಯಲ್ಲಿದ್ದು, ಅದರ ವಿಸ್ತಾರ ಅಕ್ಷರಾತ್ಮಕ ಶ್ರುತದಲ್ಲಿದೆ. ಶ್ರುತವು ಮತಿಪೂರ್ವಕವೆಂಬ ಸಿದ್ಧಾಂತ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಧವಲೆಯ ಲಕ್ಷಣದ ಬಗೆಗೆ ಏಳಬಹುದಾದ ಒಂದು ಶಂಕೆಗೂ ಇದರಿಂದ ಸಮಾಧಾನ ದೊರೆಯುತ್ತದೆ. ಕಣ್ಣು ನಾಲ್ಕನ್ನು ಮೀರಿ ಗ್ರಹಿಸಲಾರದಾದರೆ, ಕೋಟಿಕೋಟಿಗಳನ್ನು ಒಳಗೊಂಡ ಸಂಖ್ಯಾತವು ಇಂದ್ರಿಯಗಳಿಗೆ ವಿಷಯವಾಗುವುದು ಹೇಗೆ? ವಸ್ತುಗಳ ರಾಶಿ ಕಣ್ಣಿಗೆ ಸಿಗದಿದ್ದರೂ, ಅದರ ಹೆಸರು ಕಿವಿಗೂ ಅಂಕ ಕಣ್ಣಿಗೂ ಸಿಗುತ್ತವೆ. ಒಂದು ಲಕ್ಷ ಕಾಳುಗಳನ್ನು ಒಮ್ಮೆಗೆ ಕಂಡವರಿಲ್ಲ. ೧೦೦೦೦೦ ಎಂಬ ಆರು ಅಂಕಗಳನ್ನು ಓದಬಲ್ಲವರು ಎಲ್ಲೆಲ್ಲಿಯೂ ಇದ್ದಾರೆ. ತಿಲೋಯಪಣ್ಣತ್ತಿಯು ಉತ್ಕೃಷ್ಟ ಸಂಖ್ಯಾತವನ್ನು ಶ್ರುತದ ಪರಮಾವಧಿಯನ್ನು ಮುಟ್ಟಿದ ಪೂರ್ವಧರರಿಗೆ ವಿಷಯವೆಂದುದೂ ಇದರೊಡನೆ ಹೊಂದಿಕೊಳ್ಳುತ್ತದೆ.

೪. ಓಲೆಯ ಮೇರೆ, ನಿಯಮದ ವಿಸ್ತಾರ

ಅಂಕಗಳಿಗಾದರೂ ಮೇರೆಯಿಲ್ಲವೇ? ಇದನ್ನು ಧವಲೆಯಲ್ಲಿಯೇ ಬರುವ ವರ್ಗಿತಸಂವರ್ಗಿತ ವಿಧಾನದಿಂದ ನೋಡಬಹುದು. ಒಂದು ರಾಶಿಯನ್ನು ಒಂದೊಂದಾಗಿ ವಿರಲನ ಮಾಡಿ, ಪ್ರತಿಯೊಂದು ರೂಪಕ್ಕೂ ಅದೇ ರಾಶಿಯನ್ನು ದೇಯವಾಗಿ ಕೊಟ್ಟು, ಎಲ್ಲವನ್ನೂ ಪರಸ್ಪರ ಗುಣಿಸುವುದು ಆ ವಿಧಾನ. ಎರಡನ್ನು ಹೀಗೆ ಒಮ್ಮೆ ಮಾಡಿದರೆ ೪ ಬರುತ್ತದೆ. ಆ ನಾಲ್ಕನ್ನು ವಿರಲನ ಮಾಡಿ ನಾಲ್ಕು ನಾಲ್ಕುಗಳನ್ನು ಗುಣಿಸಿದರೆ ೨೫೬. ಮೂರನೆಯ ಬಾರಿಗೆ ೨೫೬ನ್ನು ೨೫೬ ಸಲ ಇಟ್ಟು ಗುಣಿಸಬೇಕು. ಈ ಮೂರನೆಯ ವರ್ಗಿತಸಂವರ್ಗಿತ ರಾಶಿಯಲ್ಲಿ ೬೧೭ ಅಂಕಗಳಿವೆ. ಒಂದೆರಡು ಓಲೆಗರಿಗಳಲ್ಲಿ ಅದನ್ನು ಬರೆದಿಡಬಹುದು.

ನಾಲ್ಕನೆಯ ಬಾರಿ ಅದೇ ವಿಧಾನವನ್ನು ಅನುಸರಿಸಿದರೆ ಬರುವ ರಾಶಿಯನ್ನು ಬರೆಯಲು ಸಾಧ್ಯವೇ ಇಲ್ಲ. ಅದರಲ್ಲಿರುವ ಅಂಕಗಳು ಎಷ್ಟೆಂದು ಹೇಳುವ ಸಂಖ್ಯೆಯೇ ೬೨೦ ಅಂಕಗಳದು. ಇಂದಿನ ಭೌತಶಾಸ್ತ್ರಜ್ಞರು ಕಾಣಬಹುದಾದ ವಿಶ್ವದಲ್ಲೆಲ್ಲ ಇರುವ ಪರಮಾಣುಗಳನ್ನು ಒಂದರ ಮುಂದೆ ಸುಮಾರು ೮೦ ಸೊನ್ನೆಗಳನ್ನಿಟ್ಟಷ್ಟೆಂದು ಅಂದಾಜು ಮಾಡುತ್ತಾರೆ. ಒಂದೊಂದು ಅಣುವಿನ ಮೇಲೆ ಒಂದೊಂದು ಅಂಕ ಬರೆದರೂ ಈ ಸಂಖ್ಯೆಯ ಅತ್ಯಲ್ಪ ಭಾಗವೂ ಮುಗಿಯದು. ಗಮನಿಸತಕ್ಕ ಅಂಶವೆಂದರೆ, ಇಂತಹ ರಾಶಿಯೂ ಇನ್ನೂ ಸಂಖ್ಯಾತದೊಳಗೇ ಇದೆ. ನಾಲ್ಕು ಕುಂಡಗಳ ಕ್ರಮದಿಂದ ಸಿದ್ಧವಾಗುವ ಉತ್ಕೃಷ್ಟ ಸಂಖ್ಯಾತವು ಇದಕ್ಕಿಂತ ಎಷ್ಟೋ ದೂರದಲ್ಲಿದೆ. ಆದುದರಿಂದ ಲಿಪಿಯ ಮೇರೆಯು ಸಂಖ್ಯಾತದ ಮೇರೆಯಲ್ಲ. ಅದು ಸಂಖ್ಯಾತದ ಒಳಗೇ, ಬಹು ಬೇಗನೆ ಬಂದುಬಿಡುತ್ತದೆ.

ಬರೆಯಲಾಗದ ಈ ರಾಶಿಯ ವಿಷಯದಲ್ಲಿ ನಿಶ್ಚಯವಾಗಿ ಏನನ್ನಾದರೂ ಹೇಳಬಹುದೇ? ಹೇಳಬಹುದು, ಮತ್ತು ಅದರ ಸಾಧನ ಧವಲೆಯಲ್ಲಿಯೇ ಇದೆ. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. ಅರ್ಧಚ್ಛೇದದ ಅರ್ಧಚ್ಛೇದ ವರ್ಗಶಲಾಕೆ. ೨೫೬ರ ಅರ್ಧಚ್ಛೇದ ೮, ವರ್ಗಶಲಾಕೆ ೩. ೬೧೭ ಅಂಕಗಳ ಮೂರನೆಯ ರಾಶಿಯ ಅರ್ಧಚ್ಛೇದ ೨೦೪೮, ವರ್ಗಶಲಾಕೆ ೧೧. ವರ್ಗಿತಸಂವರ್ಗಿತ ರಾಶಿಯ ವರ್ಗಶಲಾಕೆಯು ಮೂಲರಾಶಿಯ ಅರ್ಧಚ್ಛೇದ ಮತ್ತು ವರ್ಗಶಲಾಕೆಗಳ ಮೊತ್ತಕ್ಕೆ ಸಮವೆಂಬ ನಿಯಮದಂತೆ, ನಾಲ್ಕನೆಯ ರಾಶಿಯ ವರ್ಗಶಲಾಕೆ ೨೦೪೮ ಮತ್ತು ೧೧ ಕೂಡಿ ೨೦೫೯. ವಿಶ್ವದಲ್ಲಿ ಬರೆಯಲಾಗದ ಸಂಖ್ಯೆಯೊಂದು ನಾಲ್ಕು ಅಂಕಗಳ ಮೂಲಕ ನಿಶ್ಚಿತವಾಗಿ ನಿರ್ದೇಶಿತವಾಯಿತು. ಇಲ್ಲಿ ಅರಿವಿಗೆ ಸಾಧನವಾದುದು ಕಣ್ಣೂ ಅಲ್ಲ, ಓಲೆಯೂ ಅಲ್ಲ, ನಿಯಮ. ಮನುಷ್ಯನ ಗಣಿತದ ಮೂರನೆಯ ಮೆಟ್ಟಿಲು ಇದು.

೫. ನಿಯಮಕ್ಕೂ ಮೇರೆ

ಮೇರೆಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಬೇಕು. ಆಯಾ ಕಾಲದ ಸಂಕೇತಗಳು ಸಾಲದೆ ಉಂಟಾದ ಮೇರೆ ಒಂದು ಬಗೆ. ಋಣರಾಶಿಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ಹೇಳಿದರು. ಅವರ ಕಾಲದ ಸಂಖ್ಯೆಗಳಲ್ಲಿ ಅದು ನಿರ್ದುಷ್ಟವಾದ ಮಾತು. ಇಟಲಿಯ ಬೊಂಬೆಲ್ಲಿ ೧೫೭೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂತಹ ಮೂಲಗಳೊಡನೆ ವ್ಯವಹರಿಸುವ ನಿಯಮಗಳನ್ನು ಕೊಟ್ಟಾಗ ಹೊಸದೊಂದು ಸಂಖ್ಯಾಕ್ಷೇತ್ರವೇ ತೆರೆಯಿತು. ಹಳೆಯ ಮಾತು ಹಳೆಯ ಕ್ಷೇತ್ರದಲ್ಲಿ ಸತ್ಯವಾಗಿಯೇ ಉಳಿಯಿತು. ಶೂನ್ಯದಿಂದ ಭಾಗಿಸಿದ ರಾಶಿ ವಿಕಾರಹೊಂದದೆ ಹಾಗೆಯೇ ಇರುತ್ತದೆಂಬ ಗಣಿತಸಾರಸಂಗ್ರಹದ ಇನ್ನೊಂದು ಮಾತನ್ನಾದರೋ ಬಳಿಕದ ಗಣಿತ ಒಪ್ಪಿಲ್ಲ. ಎರಡನ್ನೂ ಇದ್ದಂತೆಯೇ ಹೇಳುವುದು ಆಚಾರ್ಯರಿಗೆ ಸಲ್ಲುವ ಗೌರವವೇ ಆಗಿದೆ.

ಯಾವ ಸಂಕೇತದಿಂದಲೂ ದಾಟಲಾಗದ ಮೇರೆ ಎರಡನೆಯ ಬಗೆ. ಆಸ್ಟ್ರಿಯದ ಕುರ್ಟ್ ಗೋಡೆಲ್ ೧೯೩೧ರಲ್ಲಿ ಸಾಧಿಸಿದ ಪ್ರಮೇಯದ ಅಭಿಪ್ರಾಯ ಸ್ಥೂಲವಾಗಿ ಹೀಗಿದೆ. ಸಾಮಾನ್ಯ ಅಂಕಗಣಿತವನ್ನು ಒಳಗೊಳ್ಳುವಷ್ಟು ಸಮರ್ಥವೂ, ಪರಸ್ಪರ ವಿರೋಧರಹಿತವೂ ಆದ, ಯಾಂತ್ರಿಕವಾಗಿ ಪರೀಕ್ಷಿಸಬಲ್ಲ ಯಾವುದೇ ನಿಯಮಸಮುದಾಯವನ್ನು ತೆಗೆದುಕೊಂಡರೂ, ಆ ನಿಯಮಗಳಿಂದ ಸಾಧಿಸಲೂ ನಿರಾಕರಿಸಲೂ ಆಗದ ಸಂಖ್ಯಾವಾಕ್ಯಗಳು ಉಳಿದೇ ಉಳಿಯುತ್ತವೆ. ಹೊಸ ನಿಯಮವೊಂದನ್ನು ಸೇರಿಸಿದರೆ ಹೊಸ ವಾಕ್ಯವೊಂದು ಹೊರಗುಳಿಯುತ್ತದೆ. ಇಂಗ್ಲೆಂಡಿನ ಆಲನ್ ಟ್ಯೂರಿಂಗ್ ೧೯೩೬ರಲ್ಲಿ, ಯಾವುದೇ ವಾಕ್ಯವನ್ನು ಕೊಟ್ಟರೂ ಅದು ಸಾಧ್ಯವೋ ಅಲ್ಲವೋ ಎಂದು ತೀರ್ಮಾನಿಸುವ ಸಾರ್ವತ್ರಿಕ ಯಾಂತ್ರಿಕ ವಿಧಾನವೇ ಇರಲಾರದೆಂದು ತೋರಿಸಿದನು. ಇಂದಿನ ಗಣಕಯಂತ್ರಗಳು ಎಷ್ಟೇ ವೇಗವಾಗಿ ನಡೆದರೂ ಈ ಮೇರೆಯ ಒಳಗೇ ನಡೆಯುತ್ತವೆ. ಹೀಗೆ ಕಣ್ಣಿಗೆ ನಾಲ್ಕು, ಕೈಗೆ ಓಲೆ ಹಿಡಿಯುವಷ್ಟು, ಬುದ್ಧಿಗೆ ನಿಯಮ ಸಾಧಿಸುವಷ್ಟು ಎಂದು ಮೂರು ಮೇರೆಗಳು ಸಿದ್ಧವಾದವು.

ಅನಂತದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಜರ್ಮನಿಯ ಗಣಿತಜ್ಞ ಗೆಯಾರ್ಗ್ ಕ್ಯಾಂಟರ್ ೧೮೭೪ರಲ್ಲಿ, ರೇಖೆಯ ಮೇಲಿನ ಬಿಂದುಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿಮಾಡಲಾಗದೆಂದು ಸಾಧಿಸಿ, ಅನಂತಗಳಲ್ಲಿಯೂ ತಾರತಮ್ಯವಿದೆಯೆಂದು ತೋರಿಸಿದನು. ಜೈನಗಣಿತದಲ್ಲಿ ಸಂಖ್ಯಾತ ಮೂರು, ಅಸಂಖ್ಯಾತ ಒಂಬತ್ತು, ಅನಂತ ಒಂಬತ್ತು ಎಂದು ೨೧ ಭೇದಗಳಿದ್ದು, ಅಲ್ಲಿಯೂ ಅನಂತಗಳಲ್ಲಿ ತಾರತಮ್ಯ ಹೇಳಿದೆ. ಆದರೆ ಕ್ಯಾಂಟರನ ಸಾಧನೆ ಒಂದಕ್ಕೊಂದನ್ನು ಜೋಡಿಸುವ ತತ್ತ್ವದ ಮೇಲೆ ನಿಂತಿದೆ. ಜೈನರ ಭೇದಗಳು ವರ್ಗಿತಸಂವರ್ಗಿತಾದಿ ಕ್ರಿಯೆಗಳಿಂದಲೂ ದ್ರವ್ಯಾದಿಗಳ ಪ್ರಮಾಣದಿಂದಲೂ ಏರ್ಪಟ್ಟಿವೆ. ಎರಡೂ ಒಂದೇ ಎನ್ನುವುದು ಎರಡಕ್ಕೂ ಅನ್ಯಾಯ. ಹೆಚ್ಚು ಸಮೀಪವಾದ ಸಾದೃಶ್ಯ ಬೇರೆಡೆಯಲ್ಲಿದೆ. ಆಯವಿಲ್ಲದೆ ವ್ಯಯವಾಗುತ್ತಿದ್ದರೂ ಮುಗಿಯದಿರುವುದೇ ಅನಂತವೆಂದೂ, ವ್ಯಯದಿಂದ ಮುಗಿಯುವ ಅರ್ಧಪುದ್ಗಲಪರಿವರ್ತನ ಕಾಲಕ್ಕೆ ಅನಂತವೆಂಬ ವ್ಯವಹಾರ ಉಪಚಾರದಿಂದ ಮಾತ್ರವೆಂದೂ ಧವಲೆ ವಿವೇಚಿಸುತ್ತದೆ. ತನ್ನ ಒಂದು ಭಾಗಕ್ಕೇ ಸರಿಸಮನಾಗಬಲ್ಲ ಸಮುದಾಯವೇ ಅನಂತವೆಂದು ೧೮೮೮ರಲ್ಲಿ ಜರ್ಮನಿಯ ಡೆಡೆಕಿಂಡ್ ಲಕ್ಷಣ ಮಾಡಿದನು. ಕಳೆದರೂ ತೀರದಿರುವಿಕೆಯೆಂಬ ಅಂಶ ಎರಡರಲ್ಲಿಯೂ ಉಂಟು. ಸಾದೃಶ್ಯವನ್ನು ಇಷ್ಟಕ್ಕೇ ನಿಲ್ಲಿಸತಕ್ಕದ್ದು.

ಅಂತೆಯೇ, ನಿಯಮಗಳಿಗೆ ಮೇರೆಯಿದೆಯೆಂಬ ಗೋಡೆಲನ ಪ್ರಮೇಯದಿಂದ ಅವಧಿ ಕೇವಲಜ್ಞಾನಗಳು ಸಿದ್ಧವಾದುವೆಂದು ಹೇಳುವುದೂ ತರ್ಕಸಮ್ಮತವಲ್ಲ. ಒಂದು ಸಾಧನ ಸಾಲದೆಂಬುದರಿಂದ ಮತ್ತೊಂದು ಸಾಧನದ ಅಸ್ತಿತ್ವ ಸಿದ್ಧವಾಗುವುದಿಲ್ಲ. ಅವುಗಳ ಸಿದ್ಧಿ ಆಗಮದಲ್ಲಿ ಬೇರೆಯೇ ಪ್ರಮಾಣಗಳ ಮೇಲೆ ನಿಂತಿದೆ. ಹೇಳಬಹುದಾದುದು ಇಷ್ಟು: ಸಂಖ್ಯೆಯನ್ನು ಅರಿಯುವ ಸಾಧನಗಳಲ್ಲಿ ತರತಮವಿದೆ, ಪ್ರತಿಯೊಂದು ಸಾಧನಕ್ಕೂ ತನ್ನದೇ ಆದ ಮೇರೆಯಿದೆ ಎಂಬ ವೀರಸೇನಾಚಾರ್ಯರ ದೃಷ್ಟಿ, ಮನುಷ್ಯನ ಗಣಿತಶಕ್ತಿಯ ಬಗೆಗೆ ಕೇಳಬೇಕಾದ ಪ್ರಶ್ನೆಯನ್ನು ಸರಿಯಾದ ಸ್ಥಾನದಲ್ಲಿ ಇಟ್ಟಿದೆ.

೬. ಪಾಠಪರಿಷ್ಕರಣದಲ್ಲಿ ಇದರ ಉಪಯೋಗ

ಈ ವಿವೇಚನೆಯಿಂದ ಹಸ್ತಪ್ರತಿಗಳ ಸಂಪಾದನೆಗೆ ನೇರವಾದ ಪ್ರಯೋಜನವೂ ಉಂಟು. ಮೂಡಬಿದಿರೆಯಲ್ಲಿ ಕನ್ನಡ ಲಿಪಿಯ ಓಲೆಗರಿಗಳಲ್ಲಿ ಉಳಿದುಬಂದ ಧವಲೆಯು ನಾಗರಿಗೆ ಪ್ರತಿಯಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ೧೯೩೯ರಿಂದ ೧೯೫೮ರವರೆಗೆ ೧೬ ಸಂಪುಟಗಳಲ್ಲಿ ಅಚ್ಚಾಯಿತು. ಇಂತಹ ಪರಂಪರೆಯಲ್ಲಿ ಒಬ್ಬೊಬ್ಬ ಲಿಪಿಕಾರನ ಕಣ್ಣೂ ನಾಲ್ಕರ ಮೇರೆಗೆ ಒಳಪಟ್ಟುದೇ. ಒಂದೇ ಬಗೆಯ ಅಂಕಗಳು ಸಾಲಾಗಿ ಬಂದೆಡೆ ಒಂದು ಬಿಟ್ಟುಹೋಗುವುದಕ್ಕೂ, ಸೇರಿಕೊಳ್ಳುವುದಕ್ಕೂ ಅವಕಾಶ ಹೆಚ್ಚು. ಸಾಹಿತ್ಯಭಾಗದಲ್ಲಿ ತಪ್ಪಿದ ಅಕ್ಷರವನ್ನು ಛಂದಸ್ಸೋ ಅರ್ಥವೋ ಹಿಡಿದುಕೊಡುತ್ತದೆ. ಅಂಕದ ತಪ್ಪನ್ನು ಹಿಡಿದುಕೊಡುವುದು ಲೆಕ್ಕ ಮಾತ್ರ.

ಒಂದು ನಿದರ್ಶನ ಸಾಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವು ೨೯ ಅಂಕಗಳಲ್ಲಿ ಹೇಳಲ್ಪಟ್ಟಿದೆ. ಕೇಶವವರ್ಣಿಯು ೧೩೫೯ರಲ್ಲಿ ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿ ಬರೆದನು. ಈ ಪ್ರಮಾಣದ ಬಗೆಗೆ ಪರಂಪರೆಯಲ್ಲಿರುವ ಚರ್ಚೆ ಇಲ್ಲಿ ಅಪ್ರಕೃತ. ಪಾಠ ಮಾತ್ರ ಪ್ರಕೃತ. ಕಟಪಯಾದಿ ಕ್ರಮದಿಂದ ಅಕ್ಷರಗಳಲ್ಲಿ ಹೇಳಿರುವ ಈ ಸಂಖ್ಯೆಯನ್ನು ಏಕಸ್ಥಾನದಿಂದ ತೊಡಗಿ ಎಡಕ್ಕೆ ಬರೆಯುತ್ತ ಹೋದರೆ ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬ ಎಂದಾಗುತ್ತದೆ. ಇದು ದ್ವಿರೂಪವರ್ಗಧಾರೆಯ ಐದನೆಯ ವರ್ಗವಾದ ೪೨೯೪೯೬೭೨೯೬ ಮತ್ತು ಆರನೆಯ ವರ್ಗವಾದ ೧೮೪೪೬೭೪೪೦೭೩೭೦೯೫೫೧೬೧೬ ಇವುಗಳ ಗುಣಲಬ್ಧ. ಇದರ ಅರ್ಧಚ್ಛೇದ ೯೬.

ಪ್ರತಿಯೊಂದರಲ್ಲಿ ಲಿಪಿಕಾರನು ಮಕಾರವನ್ನು ವಕಾರವಾಗಿ ಓದಿದನೆಂದು ಭಾವಿಸೋಣ. ಕನ್ನಡ ಲಿಪಿಯಲ್ಲಿ ಇವೆರಡರ ಸಾಮ್ಯ ಎಲ್ಲರಿಗೂ ತಿಳಿದುದೇ. ಮಕಾರಕ್ಕೆ ಐದು, ವಕಾರಕ್ಕೆ ನಾಲ್ಕು. ಅಂಕ ಒಂದು ಕಡಮೆಯಾಗುತ್ತದೆ. ಧಕಾರದ ಸೀಳು ಬಿಟ್ಟುಹೋಗಿ ದಕಾರವಾದರೆ ಒಂಬತ್ತು ಹೋಗಿ ಎಂಟಾಗುತ್ತದೆ. ಶುದ್ಧಪಾಠದ ೨೯ ಅಂಕಗಳ ಮೊತ್ತ ೧೨೭. ಅದನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ೧. ಮೇಲಿನ ಎರಡರಲ್ಲಿ ಯಾವುದೊಂದು ತಪ್ಪು ಒಮ್ಮೆ ನಡೆದರೂ ಮೊತ್ತ ೧೨೬ ಆಗಿ ಶೇಷ ಉಳಿಯುವುದಿಲ್ಲ, ತಪ್ಪು ಹೊರಬೀಳುತ್ತದೆ. ಅಂಕಗಳಲ್ಲಿ ಬರೆದ ಪ್ರತಿಯಲ್ಲಿ ೬ ಮತ್ತು ೯ ಒಂದರ ಸ್ಥಾನದಲ್ಲಿ ಒಂದು ಬಂದರೂ ಶೇಷ ಬದಲಾಗುತ್ತದೆ. ಎರಡು ಅಂಕಗಳು ಸ್ಥಾನ ಪಲ್ಲಟವಾದರೆ, ಅಥವಾ ಸೊನ್ನೆಗೆ ಬದಲಾಗಿ ಒಂಬತ್ತು ಬಂದರೆ ಈ ಪರೀಕ್ಷೆ ಸಾಲದು. ಆಗ ಅರ್ಧಿಸುತ್ತ ಹೋಗುವುದೇ ಪೂರ್ಣಪರೀಕ್ಷೆ. ತೊಂಬತ್ತಾರು ಸಲ ಅರ್ಧಿಸಿದಾಗ ಸರಿಯಾಗಿ ಒಂದು ಉಳಿದರೆ ಪಾಠ ಶುದ್ಧ, ಇಲ್ಲವಾದರೆ ಅಶುದ್ಧ, ಇದಕ್ಕೆ ಅಪವಾದವಿಲ್ಲ.

ಹೀಗೆ ಅರ್ಧಚ್ಛೇದವು ಆಚಾರ್ಯರಿಗೆ ಸಂಖ್ಯೆಯನ್ನು ಅರಿಯುವ ಸಾಧನವಾಗಿದ್ದಂತೆ, ಸಂಪಾದಕನಿಗೆ ಅದನ್ನು ಕಾಪಾಡುವ ಸಾಧನವೂ ಆಗಬಲ್ಲದು. ಆದುದರಿಂದ ಗಣಿತಭಾಗವುಳ್ಳ ಯಾವ ಗ್ರಂಥವನ್ನು ಪರಿಷ್ಕರಿಸುವಾಗಲೂ, ಪಾಠಾಂತರಗಳಲ್ಲಿ ಪ್ರತಿಗಳ ಬಹುಮತವನ್ನು ನೋಡುವುದಕ್ಕೆ ಮೊದಲು ಲೆಕ್ಕವನ್ನು ಮಾಡಿ ನೋಡಬೇಕು. ಹತ್ತು ಪ್ರತಿಗಳು ಒಂದೇ ತಪ್ಪನ್ನು ಹೊತ್ತಿರಬಹುದು. ನಿಯಮಕ್ಕೆ ಹೊಂದುವ ಪಾಠ ಒಂದೇ ಪ್ರತಿಯಲ್ಲಿದ್ದರೂ ಅದೇ ಗ್ರಾಹ್ಯ. ಯಾವ ಪ್ರತಿಯಲ್ಲಿಯೂ ಇಲ್ಲದಿದ್ದರೆ ಲೆಕ್ಕದಿಂದ ಬಂದ ಅಂಕವನ್ನು ಸಂಪಾದಕನ ತಿದ್ದುಪಡಿಯೆಂದು ಗುರುತಿಸಿ, ಪ್ರತಿಯ ಪಾಠವನ್ನು ಅಡಿಯಲ್ಲಿ ಕೊಡತಕ್ಕದ್ದು.

ಮನುಷ್ಯನ ಮತಿ ನಾಲ್ಕರ ಬಳಿ ನಿಲ್ಲುತ್ತದೆ. ಶ್ರುತ ಅದನ್ನು ಕೈಹಿಡಿದು ಮುಂದಕ್ಕೆ ನಡೆಸುತ್ತದೆ. ಶ್ರುತವು ಓಲೆಯ ಮೇಲೆ ಉಳಿಯಬೇಕಾದರೆ ಓಲೆಯ ಪಾಠ ಶುದ್ಧವಾಗಿರಬೇಕು. ಗ್ರಂಥಶೋಧನೆಯಲ್ಲಿ ತೊಡಗಿರುವ ವಿದ್ವಾಂಸರು ಸಂಖ್ಯಾಸ್ಥಳಗಳನ್ನು ದಾಟಿಹೋಗದೆ, ಅಲ್ಲಿ ನಿಂತು ಎಣಿಸಿ ಮುಂದೆ ಸಾಗಬೇಕೆಂಬುದು ಈ ವಿವೇಚನೆಯ ಫಲಿತಾರ್ಥ.